ವಹಾಬನ ಸಾಲು

ಒಂದು ಪದವನ್ನು ಒಬ್ಬನೇ ಪೂರ್ತಿ ಹಾಡುವುದು ಅಡಿಗೆಯ ಅಣವೀರಪ್ಪನ ಜಾಯಮಾನದಲ್ಲೇ ಇರಲಿಲ್ಲ. ಕಲಬುರಗಿಯ ಗಾಜಿಪುರದ ಖಾನಾವಳಿಯಲ್ಲಿ, ಮೊಣಕಾಲ ಮೇಲೆ ಬಿಗಿದ ಧೋತರ, ಹೊಗೆ ಕುಡಿದು ಬಣ್ಣಗೆಟ್ಟ ಬನಿಯನ್, ಎಡಗಿವಿಗೆ ಒತ್ತಿದ ಅಂಗೈ, ಹೀಗೆ ಒಲೆಯ ಮುಂದೆ ನಿಂತು ಮೊದಲ ಸಾಲನ್ನು ಎತ್ತರಿಸಿ ಹಾಡುವನು. ಹಾಡಿ, ಸೌಟನ್ನು ಗಾಳಿಯಲ್ಲೇ ತಡೆದು, ಹಿತ್ತಿಲ ಬಾಗಿಲ ಕಡೆ ಕತ್ತು ಹೊರಳಿಸುವನು. ಕಟ್ಟಿಗೆಯ ಬಂಡಿ ಬಿಟ್ಟು ಅಲ್ಲಿ ರೊಟ್ಟಿಗೆ ಕೂತ ವಹಾಬ್ ಎರಡನೆಯ ಸಾಲನ್ನು ಎತ್ತಿಕೊಂಡ ಮೇಲೆಯೇ ಸೌಟು ಪಾತ್ರೆಗೆ ಇಳಿಯುತ್ತಿತ್ತು. ಇಬ್ಬರೂ ಕಮಲಾಪುರದವರು, ಮೊಹರಂ ಪದಗಳನ್ನು ಚಿಕ್ಕಂದಿನಿಂದ ಜೋಡಿಯಾಗಿ ಹಾಡಿದವರು. ಮೊದಲ ಸಾಲು ಅಣವೀರಪ್ಪನದು, ಹಿಮ್ಮೇಳದ ಸಾಲು ವಹಾಬನದು. ಒಬ್ಬರ ಸಾಲನ್ನು ಒಬ್ಬರು ಮುಟ್ಟಿದವರಲ್ಲ.

ಅಣವೀರಪ್ಪ ಕೂತಲ್ಲಿ ಕೂಡುವ ಜೀವವಂತೂ ಅಲ್ಲವೇ ಅಲ್ಲ. ಬೇಳೆ ಬೇಯುವಷ್ಟರಲ್ಲಿ ಹತ್ತು ಸಲ ಹಿತ್ತಿಲಿಗೆ ಹೋಗಿ ಬರುವನು. ನಿಜಾಮನ ಪರ ನಿಂತ ರಜಾಕಾರರ ಹಾವಳಿಯ ದಿನಗಳಲ್ಲಿ ಖಾನಾವಳಿಯ ಯಜಮಾನ ನೀಲಕಂಠ, “ನಿನ್ನ ದನಿ ಓಣಿ ದಾಟಿ ಹೋಗ್ತದ, ಸ್ವಲ್ಪ ದಿನ ಸುಮ್ನಿರಪ” ಎಂದ. ಸುಮ್ಮನಿದ್ದ. ಸುಮ್ಮನಿದ್ದು ಪುಂಡಿಪಲ್ಯಕ್ಕೆ ಎರಡೆರಡು ಸಲ ಉಪ್ಪು ಹಾಕಿದ. ಉಂಡವರ ಬೈಗುಳ ತಾಳಲಾರದೆ ಯಜಮಾನನೇ, “ಹಾಡಪ, ಹಾಡು. ಉಪ್ಪಾದರೂ ಸರಿ ಬೀಳ್ತದ” ಎಂದು ಕೈಮುಗಿದ.

ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮನ ಆಳ್ವಿಕೆ ಮುಗಿಯಿತೆಂದು ಪಟ್ಟಣದಲ್ಲಿ ಸಕ್ಕರೆ ಹಂಚಿದರು. ಇತ್ತ ವಹಾಬನ ಬಂಡಿ ಬರುವುದು ನಿಂತಿತು. ಯಾವ ರಜಾಕಾರನ ನೆರಳಿಗೂ ಹೋಗದ ಬಡಪಾಯಿ ಅವನು. ಆದರೆ ರಜಾಕಾರರ ಮೇಲಿನ ಸೇಡಿಗೆ ಬಡಿಗೆ ಹಿಡಿದು ಹಳ್ಳಿ ಹಳ್ಳಿ ಸುತ್ತುತ್ತಿದ್ದವರಿಗೆ ಮುಸಲ್ಮಾನನ ಹೆಸರೊಂದೇ ಸಾಕಾಗಿತ್ತು. ಅಣವೀರಪ್ಪ ಬಂದ ಬಂಡಿಯವರನ್ನೆಲ್ಲ ತಡೆದು, “ನಮ್ಮ ವಹಾಬನ್ನ ಕಂಡೀರೇನ್ರಿ?” ಎಂದು ಕೇಳಿದ. ಯಾರೂ ಕಂಡಿರಲಿಲ್ಲ.

ಆಗಲೇ ಕಮಲಾಪುರದ ನೀಲಗಂಗಮ್ಮನ ಮನೆಯಿಂದ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರದ ಅಡಿಗೆಗೆ ಕರೆ ಬಂತು. ಅಂಗಳದಲ್ಲಿ ಗೋಧಿಹುಗ್ಗಿಯ ಕೊಪ್ಪರಿಗೆ ಕುದಿಯುತ್ತಿತ್ತು. ನೆರೆಯೂರಿನ ಬಡಿಗೆಯ ಹುಡುಗರು ನಾಲ್ಕಾರು ಮಂದಿ, ಯಾರ ಮನೆಯಲ್ಲಿ ಯಾರು ಅಡಗಿದ್ದಾರೆಂದು ವಿಚಾರಿಸುತ್ತ ಬಂದವರು, ಊಟದ ವಾಸನೆಗೆ ಅಲ್ಲೇ ಕಟ್ಟೆಯ ಮೇಲೆ ತಳವೂರಿದ್ದರು. ಹುಗ್ಗಿ ತಿರುವುವ ಕೈಗೆ ಪದ ತಾನಾಗಿಯೇ ಬಂತು:

“ಕುದುರಿ ಬಂತ ತಾಯಿ ಬಾಗಿಲಿಗೆ...”

ಅಭ್ಯಾಸಬಲ, ಸೌಟು ನಿಂತಿತು. ಹೊಟ್ಟು ತುಂಬಿದ ಕೋಣೆಯೊಳಗಿಂದ ಗೊಗ್ಗರು ದನಿಯೊಂದು ಎತ್ತಿಕೊಂಡಿತು:

“ಏರಿದಾಂವ ಎಲ್ಲ್ಯಾನ...”

ಅಷ್ಟಕ್ಕೇ ತುಂಡಾಯಿತು. ಪಡಸಾಲೆಯಲ್ಲಿದ್ದ ನೀಲಗಂಗಮ್ಮ ಆರತಿ ತಟ್ಟೆ ಕೆಳಗಿಟ್ಟು ಆ ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ವಹಾಬ್ ಬದುಕಿದ್ದಾನೆ, ಈ ಮನೆಯಲ್ಲೇ ಅಡಗಿದ್ದಾನೆ! ಅಣವೀರಪ್ಪನ ಎದೆ ಹಿಗ್ಗಿತು, ಮರುಗಳಿಗೆಯೇ ಹಿಡಿಯಷ್ಟಾಯಿತು. ಕಟ್ಟೆಯ ಮೇಲಿನ ಹುಡುಗನೊಬ್ಬ ಬಡಿಗೆ ಊರಿ ಎದ್ದು ನಿಂತಿದ್ದ.

“ಯಾರಂವ ಹಾಡಿದಾಂವ?”

“ನಾನೇ ರೀ. ಹಿಮ್ಮೇಳದಾಂವ ಬಿಟ್ಟು ಹೋಗ್ಯಾನ, ಎರಡೂ ದನಿ ನಾನೇ ತೆಗೀಬೇಕಲ್ರಿ.”

“ಹಂಗಾರ ಇನ್ನೊಮ್ಮೆ ಹಾಡು, ನೋಡೂಣು.”

ಹಾಡಿದ. ಒಂದು ಸಾಲು ತನ್ನ ಕಂಠದಲ್ಲಿ, ಇನ್ನೊಂದು ಗಂಟಲು ಹಿಸುಕಿ ವಹಾಬನ ಕಂಠದಲ್ಲಿ. ನಡುವೆ ಉಸಿರು ತೆಗೆಯಲು ಮಾತ್ರ ಧೈರ್ಯ ಸಾಲದು. ಕಣ್ಣೆವೆಯಷ್ಟು ಬಿಡುವು ಕೊಟ್ಟರೂ ಒಳಗಿನ ಆ ಹುಚ್ಚ ಎತ್ತಿಕೊಂಡೇ ಬಿಡುತ್ತಾನೆ. ಸಾಲಿಗೆ ಸಾಲು ಹೊಲಿಯುತ್ತ, ಮುಖ ಕೆಂಪೇರಿ, ಕೊರಳ ನರ ಉಬ್ಬಿ, ಕಣ್ಣಲ್ಲಿ ನೀರು ಬರುವವರೆಗೆ ಹಾಡಿದ. ಹುಡುಗರು ನಕ್ಕರು, ಇನ್ನೊಂದು ಆಗಲಿ ಎಂದರು, ಉಂಡರು. “ಹುಗ್ಗಿ ತಳ ಹಿಡದದಲ್ಲೋ ಹಾಡಗಾರ” ಎಂದು ಹಂಗಿಸಿ ಎದ್ದುಹೋದರು.

ಗಲಭೆ ಅಡಗಿದ ಮೇಲೆ ಗಾಜಿಪುರದ ಹಿತ್ತಿಲಿಗೆ ಕಟ್ಟಿಗೆಯ ಬಂಡಿ ಮತ್ತೆ ಬಂತು. ಮೊದಲ ಸಾಲು ಮುಗಿದೊಡನೆ ಸೌಟು ಮತ್ತೆ ಗಾಳಿಯಲ್ಲಿ ನಿಂತಿತು. ಪದ ಪೂರ್ತಿ ಬಾರದೆ ಅರ್ಧಕ್ಕೆ ನಿಲ್ಲಿಸುತ್ತಾನೆಂದು ಖಾನಾವಳಿಗೆ ಬಂದ ಹೊಸಬರು ನಗುತ್ತಿದ್ದರು. ಅಣವೀರಪ್ಪ ಅವರನ್ನು ನಗಲು ಬಿಟ್ಟ. ಪದವೆಲ್ಲ ಬಲ್ಲವರಾಗಿಯೂ ಇನ್ನೊಬ್ಬನಿಗೆಂದು ಒಂದು ಸಾಲು ಉಳಿಸುವ ಇಂಥವರು, ಆ ಸಾಲನ್ನು ಕಾಯ್ದುಕೊಟ್ಟ ದಿನವನ್ನು ಎಲ್ಲೂ ಹೇಳಿಕೊಳ್ಳುವುದಿಲ್ಲ. ಯಾರಾದರೂ ಆ ತೊಟ್ಟಿಲ ದಿನದ ಮಾತೆತ್ತಿದರೆ, ಅಣವೀರಪ್ಪ ಹುಗ್ಗಿ ತಳ ಹಿಡಿದದ್ದಕ್ಕೆ ನಾಚಿ ತಲೆ ತಗ್ಗಿಸುತ್ತಿದ್ದ.