ಅತ್ತಿಗೆಯ ವಿರೋಧ ಮತ

ಶಾಸಕಿಯಾಗುವ ಮುಂಚೆ ಆಕೆ ಊರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಅರ್ಧ ಊರು ಕಣ್ಣುಬಿಟ್ಟಿದ್ದೇ ಆಕೆಯ ಕೈಯಲ್ಲಿ. ಎರಡು ಸಲ ಗೆದ್ದು ವಿಧಾನಸಭೆಗೆ ಹೋದ ಮೇಲೂ ಜನ ಕರೆಯುತ್ತಿದ್ದದ್ದು ಸಿಸ್ಟರಮ್ಮ ಎಂದೇ.

ಆಕೆಯನ್ನು ರಾಜಕೀಯಕ್ಕೆ ಎಳೆತಂದವನು ಗಂಡನ ತಮ್ಮ. ಪಕ್ಷಕ್ಕಾಗಿ ಪೋಸ್ಟರ್ ಅಂಟಿಸಿಯೇ ಮೀಸೆ ಬೆಳೆಸಿದವನು. ಟಿಕೆಟ್ ಅವನಿಗೇ ಸಿಗಬೇಕಿತ್ತು. ಗೆಲ್ಲುವ ಮುಖ ಬೇಕೆಂದು ಪಕ್ಷ ಅತ್ತಿಗೆಯನ್ನು ಆರಿಸಿದಾಗ, ಹೊಟ್ಟೆಯೊಳಗಿನದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ಜೀಪಿನ ಮೇಲೆ ನಿಂತು ಅವರ ಪರವಾಗಿ ಗಂಟಲು ಹರಿಯುವಂತೆ ಕೂಗಿದ್ದ.

ಎರಡನೆಯ ಅವಧಿಯಲ್ಲಿ ಸರ್ಕಾರ ಒಂದು ಮಸೂದೆ ತಂದಿತು. ಹಳೆಯ ಆಸ್ಪತ್ರೆಗಳ ಜಾಗವನ್ನು ಖಾಸಗಿಯವರಿಗೆ ಬಿಟ್ಟುಕೊಡುವ ಮಸೂದೆ. ಸಿಸ್ಟರಮ್ಮನ ಆಸ್ಪತ್ರೆಯೂ ಅದರಲ್ಲಿತ್ತು. ಪಕ್ಷದವರೆಲ್ಲ ಒಪ್ಪಲೇಬೇಕೆಂದು ಆಜ್ಞೆಯಾಯಿತು. ಜೊತೆಗೆ ಮಂತ್ರಿ ಮಾಡುತ್ತೇವೆಂಬ ಮಾತೂ ಬಂತು.

ಮೈದುನ ಅಡುಗೆಮನೆಗೇ ಬಂದು ನಿಂತ. "ಅತ್ತಿಗೆ, ಕಣ್ಮುಚ್ಕೊಂಡು ಹೂಂ ಅಂದ್ಬಿಡಿ. ಮಂತ್ರಿ ಆದ್ಮೇಲೆ ಇನ್ನೂ ದೊಡ್ಡ ಆಸ್ಪತ್ರೆ ಕಟ್ಟಿಸ್ಬಹುದು."

"ಇರೋದನ್ನ ಕೆಡವಿ ಇಲ್ಲದ್ದನ್ನ ಕಟ್ತೀಯಾ?"

"ಹಟ ಮಾಡಿದ್ರೆ ಸ್ಥಾನ ಹೋಗುತ್ತೆ."

"ಹೋಗ್ಲಿ ಬಿಡು, ತವರಿಂದ ತಂದಿದ್ದಲ್ಲ."

ಟೈಲರ್ ಆಗಿದ್ದ ಗಂಡ ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. "ನನ್ನ ಮಾತೇ ಕೇಳದೋಳು, ನಿನ್ನ ಪಕ್ಷದ ಮಾತು ಕೇಳ್ತಾಳೇನೋ?"

ಸಭೆಯಲ್ಲಿ ವಿರೋಧಿಸುವವರು ಎದ್ದು ನಿಲ್ಲಬೇಕೆಂದು ಸಭಾಧ್ಯಕ್ಷರು ಹೇಳಿದಾಗ, ಆಡಳಿತ ಪಕ್ಷದ ಸಾಲುಗಳಲ್ಲಿ ಎದ್ದದ್ದು ಆಕೆಯೊಬ್ಬರೇ. ಪಕ್ಕದವರು ತೋಳು ಹಿಡಿದೆಳೆದರು.

"ಕೂತ್ಕೊಳ್ಳಿ ಅಮ್ಮ, ಕೆಡ್ತೀರಿ."

"ಕೈ ಬಿಡ್ರೀ. ನಿಂತಾಯ್ತಲ್ಲ."

ಮಸೂದೆ ಪಾಸಾಯಿತು. ಆಕೆಯ ಸದಸ್ಯತ್ವ ರದ್ದಾಯಿತು. ಉಪಚುನಾವಣೆಯಲ್ಲಿ ಪಕ್ಷ ಕೊನೆಗೂ ಮೈದುನನಿಗೆ ಟಿಕೆಟ್ ಕೊಟ್ಟಿತು. ಸಿಸ್ಟರಮ್ಮ ಪಕ್ಷವಿಲ್ಲದೆ ನಿಂತರು. ಒಂದೇ ಮನೆ, ಇಬ್ಬರು ಅಭ್ಯರ್ಥಿಗಳು. ಅತ್ತೆ ಇಬ್ಬರಿಗೂ ಒಂದೇ ಪಾತ್ರೆಯಿಂದ ಬಡಿಸುತ್ತ ಹೇಳಿದರು: "ನನ್ನ ವೋಟು ಯಾರಿಗೆ ಅಂತ ಕೇಳಿದೋರಿಗೆ ಊಟ ಇಲ್ಲ."

ಸಿಸ್ಟರಮ್ಮ ಸೋತರು. ಗೆದ್ದವನು ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದ. ಮುಖಕ್ಕೆ ಮುಖ ಕೊಡಲಾಗಲಿಲ್ಲ.

"ಬೇಜಾರಾಯ್ತಾ ಅತ್ತಿಗೆ?"

"ಆಗ್ದೇ ಇರುತ್ತೇನೋ? ಗೆದ್ದಿದ್ದೀಯ, ಚೆನ್ನಾಗಿರು. ಆದ್ರೆ ಆಸ್ಪತ್ರೆ ಕೆಡವೋ ದಿನ ನಾನು ಗೇಟಲ್ಲಿರ್ತೀನಿ. ಎತ್ತಿಸೋಕೆ ಬೇರೆಯವರನ್ನ ಕಳಿಸ್ಬೇಡ, ನೀನೇ ಬಾ."

ಬೇಸಿಗೆಯಲ್ಲಿ ಬುಲ್ಡೋಜರ್ ಬಂತು. ಗೇಟಿಗೆ ಅಡ್ಡವಾಗಿ ಸಿಸ್ಟರಮ್ಮ ಕೂತಿದ್ದರು. ಸುತ್ತ ಆಕೆ ಹೆರಿಗೆ ಮಾಡಿಸಿದ ತಾಯಂದಿರು, ಬೆಳೆದು ನಿಂತ ಮಕ್ಕಳು. ಪೊಲೀಸ್ ಅಧಿಕಾರಿ ಬಗ್ಗಿ, "ಏಳಿ ಮೇಡಂ," ಎಂದ.

"ಒಳಗೆ ಬಾಣಂತಿಯರಿದ್ದಾರೆ. ಒಬ್ಬ ಬಸುರಿಗೆ ನೋವು ಶುರುವಾಗಿದೆ. ಅವಳು ಎದ್ದು ಬಂದ್ರೆ ನಾನೂ ಏಳ್ತೀನಿ."

ಅಧಿಕಾರಿ ಶಾಸಕನಿಗೆ ಹೇಳಿಕಳಿಸಿದ. ಮೈದುನ ಬಂದ. ಜನ ಅವನ ಬಾಯನ್ನೇ ನೋಡುತ್ತಿದ್ದರು. ಒಳಗಿಂದ ಹೆಂಗಸಿನ ನರಳಾಟ ಕೇಳುತ್ತಿತ್ತು.

"ಸಾರ್, ಹೂಂ ಅನ್ನಿ, ಎತ್ತಿಸ್ತೀವಿ," ಎಂದ ಅಧಿಕಾರಿ.

ಮೈದುನನ ಫೋನ್ ರಿಂಗಾಯಿತು. ಪಕ್ಷದ ಕಚೇರಿ. ಕಿವಿಗಿಟ್ಟುಕೊಂಡು ಬಹಳ ಹೊತ್ತು ಬೈಸಿಕೊಂಡ.

"ಆಗಲ್ಲ ಸಾರ್," ಎಂದ ಕೊನೆಗೆ. "ನನ್ನ ಕೈಲಾಗಲ್ಲ. ನನ್ನನ್ನೂ ತೆಗೀತೀರಾ? ತೆಗೀರಿ."

ಬುಲ್ಡೋಜರ್ ಹಿಂದೆ ಸರಿಯಿತು. ಆ ವರ್ಷವೆಲ್ಲ ಅದು ಮತ್ತೆ ಅತ್ತ ಸುಳಿಯಲಿಲ್ಲ. ಆದರೆ ಆ ಹೊತ್ತಿಗೆ ಅದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಅಲ್ಲೇ ಕೂತಿದ್ದರು. ಸಿಸ್ಟರಮ್ಮ ಸರಿದು ಮೈದುನನಿಗೆ ಪಕ್ಕದಲ್ಲಿ ಜಾಗ ಮಾಡಿದರು.

"ಕೂತ್ಕೋ, ಇಲ್ಲಿ ಸ್ವಲ್ಪ ನೆರಳಿದೆ. ಮುಂದಿನ ಸಲ ನಿನ್ನ ಸೋಲಿಸೋದು ಮಾತ್ರ ಬಿಡಲ್ಲ, ನೆನಪಿರ್ಲಿ."