ತಾನಾಗಿ ತೆರೆದ ಕಿಟಕಿ

ನಾನು ಕೂಡಿಸಿದ ಬಾಗಿಲಿನ ಸಂದಿನಲ್ಲಿ ನುಸುಳಬೇಕಾದರೆ ಇರುವೆಯೂ ಹೊಟ್ಟೆಯನ್ನು ಒಳಗೆಳೆದುಕೊಳ್ಳಬೇಕು. ನಾನು ಮಾಡಿದ ಮಂಚದ ಮೇಲೆ ಮಲಗಿದವರಿಗೆ ಈವರೆಗೆ ಕೆಟ್ಟ ಕನಸು ಬಿದ್ದಿಲ್ಲ. ಇಂಥ ಬಡಗಿಗೂ ರಜೆ ಬೇಕೆಂದು ಹಟ ಹಿಡಿದವಳು ನನ್ನ ಹೆಂಡತಿ. ಶನಿವಾರ, ಭಾನುವಾರದ ಬಾಲಕ್ಕೆ ಸೋಮವಾರವೂ ರಜೆ ಅಂಟಿಕೊಂಡಿತ್ತು. ಕಡಲ ದಂಡೆಯ ಹಳೇ ಕೋಟೆಯೂರಿಗೆ ಹೋಗೋಣ ಎಂದಳು. ಜೊತೆಗೊಂದು ಷರತ್ತು.

“ಮೂರು ದಿನ ಸುತ್ತಿಗೆ, ಉಳಿ ಏನೂ ಮುಟ್ಟಬಾರ್ದು. ಮುಟ್ಟಿದ್ರೋ, ಇನ್ಮೇಲೆ ಭಾನುವಾರ ಅಂಗಡಿ ಬಾಗಿಲು ತೆಗೆಯೋ ಹಾಗಿಲ್ಲ.”

“ನನ್ನ ಮಾತು ಅಂದ್ರೆ ತೇಗದ ಮರ ಕಣೇ. ಬಿರುಕು ಬಿಡಲ್ಲ.”

ಹೇಳಿದ್ದೇನೋ ಹೇಳಿದೆ. ಆದರೆ ಭಾನುವಾರವೆಂದರೆ ನನ್ನ ಅಂಗಡಿಯಲ್ಲಿ ದರ್ಬಾರು. ಅರ್ಧ ಊರು ಬಂದು ಮರದ ಹೊಟ್ಟಿನ ಮೇಲೆ ಕೂತು ನನ್ನ ಮಾತು ಕೇಳುತ್ತದೆ. ಇನ್ನರ್ಧ ಊರು ಜಾಗ ಸಿಗದೆ ವಾಪಸು ಹೋಗುತ್ತದೆ. ಅದನ್ನು ಕಳೆದುಕೊಳ್ಳುವುದೆಂದರೆ ರಾಜ ಕಿರೀಟ ಕಳೆದುಕೊಂಡ ಹಾಗೆ.

ಆ ಊರಿನ ಕೋಟೆ ಎಷ್ಟು ಎತ್ತರವೆಂದರೆ ಮೋಡಗಳು ಎಡವಿ ಬೀಳುತ್ತವೆ. ಗೈಡು ರಾಜ, ರಾಣಿ, ಫಿರಂಗಿ ಎನ್ನುತ್ತಿದ್ದ. ನಾನು ಹೆಬ್ಬಾಗಿಲನ್ನು ಬೆರಳಿನಿಂದ ತಟ್ಟಿ, “ಪರವಾಗಿಲ್ಲ, ಕೆಲಸ ಕಲಿತಿದ್ದಾರೆ” ಎಂದೆ. ಸತ್ತು ಮುನ್ನೂರು ವರ್ಷವಾದ ಬಡಗಿಗಳಿಗೆ ಸಿಕ್ಕ ಮೊದಲ ಶಹಬ್ಬಾಸ್ ಅದು.

ನಾವು ಇಳಿದುಕೊಂಡದ್ದು ಕೋಟೆಯ ಹಿಂದಿನ ಓಣಿಯ ಹಳೇ ಮಹಡಿ ಮನೆಯಲ್ಲಿ. ಕಡಲು ಕಾಣುವ ಕೋಣೆಯೇ ಬೇಕೆಂದು ಹೆಂಡತಿ ಕೇಳಿ ಪಡೆದಿದ್ದಳು. ಕಡಲಿನ ಕಡೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಮರದ ಗಟ್ಟಿ ಬಾಗಿಲಿನದು. ಚೌಕಟ್ಟಿನಲ್ಲಿ ಕಚ್ಚಿಕೊಂಡು ಕೂತಿತ್ತು. ಹೆಂಡತಿ ತಳ್ಳಿದಳು, ಗುದ್ದಿದಳು, ಕೊನೆಗೆ ಅದಕ್ಕೇ ಕಿವಿಯಿಟ್ಟು ನಿಂತಳು.

“ಕೇಳ್ಸತ್ತೆ ರೀ, ಕಾಣ್ಸಲ್ಲ,” ಎಂದಳು. ಮುಖ ಬಾಡಿಹೋಗಿತ್ತು.

ಮನೆಯ ಯಜಮಾನಿ ವಯಸ್ಸಾದ ಹೆಂಗಸು. “ಕಡಲ ಗಾಳಿಗೆ ಮರ ಉಬ್ಬಿದೆಯಮ್ಮಾ. ಗಾಳಿ ತಿರುಗಿದ್ರೆ ತಾನಾಗೇ ತೆರ್ಕೊಳತ್ತೆ,” ಎಂದು ಹೇಳಿ ಕೆಳಗಿಳಿದಳು.

ಗಾಳಿಗೆ ಕಾಯಬೇಕೆ? ನಾನಿರುವಾಗ?

ಭಾನುವಾರ ಬೆಳಿಗ್ಗೆ ನನಗೆ ಭಯಂಕರ ಹೊಟ್ಟೆನೋವು ಬಂತು. ಹೆಂಡತಿ ಒಬ್ಬಳೇ ದೀಪಸ್ತಂಭ ನೋಡಲು ಓಣಿ ದಾಟಿದೊಡನೆ ಹೋಯಿತು. ದಂಡೆಯಲ್ಲಿ ದೋಣಿ ರಿಪೇರಿ ಮಾಡುವವನೊಬ್ಬನಿಂದ ಮರ ಹೆರೆಯುವ ಹತ್ತರಿ ಎರವಲು ತಂದೆ. ಕಿಟಕಿಬಾಗಿಲನ್ನು ಕೀಲಿನಿಂದ ಕಳಚಿ ಅಂಚುಗಳನ್ನು ಹೆರೆದೆ. ಕೈ ಆಡುತ್ತಿದ್ದರೆ ನಿಲ್ಲಿಸುವವರು ಯಾರು? ಇನ್ನೊಂದು ಎಳೆತ, ಇನ್ನೊಂದೇ ಎಳೆತ! ಮತ್ತೆ ಕೂಡಿಸಿ ಬೆರಳು ಸೋಕಿಸಿದೆ ಅಷ್ಟೆ, ಕಿಟಕಿ ತೆರೆದು ಇಡೀ ಕಡಲು ಕೋಣೆಯೊಳಗೆ ಬಂದು ಕೂತಿತು. ಸಿಪ್ಪೆಯನ್ನೆಲ್ಲ ಬಳಿದು ಹೊರಗೆ ಹಾಕಿ, ಹತ್ತರಿ ಮರಳಿಸಿ, ಹೊಟ್ಟೆ ಹಿಡಿದುಕೊಂಡು ಮಲಗಿದೆ.

“ಅಯ್ಯೋ, ತೆರ್ಕೊಂಡ್ಬಿಡ್ತು!” ಹೆಂಡತಿ ಬಾಗಿಲಲ್ಲೇ ನಿಂತಳು. “ಆ ಅಮ್ಮ ಹೇಳಿದ ಹಾಗೇ ಆಯ್ತು ನೋಡಿ. ಗಾಳಿಗೆ ಎಷ್ಟು ಬುದ್ಧಿ ರೀ!”

“ಹೂಂ,” ಎಂದೆ.

“ಏನು ನಾಜೂಕು ಕೆಲಸ! ಯಾವ ಬಡಗಿಗೂ ಬರಲ್ಲ ಬಿಡಿ.”

“ಹೂಂ.”

ಜಗತ್ತಿನಲ್ಲಿ ಇಂಥ ಶಿಕ್ಷೆ ಯಾವ ಬಡಗಿಗೂ ಆಗಿರಲಿಕ್ಕಿಲ್ಲ. ನನ್ನ ಕೆಲಸದ ಕೀರ್ತಿಯನ್ನೆಲ್ಲ ಗಾಳಿ ಹೊಡೆದುಕೊಂಡು ಹೋಗುತ್ತಿತ್ತು. ನಾನು ಬಾಯಿಗೆ ಬೀಗ ಹಾಕಿ ಕೂರಬೇಕಿತ್ತು. ಸಂಜೆಯವರೆಗೆ ಅವಳು ಕಡಲು ನೋಡಿದಳು. ನಾನು ಚಾವಣಿ ನೋಡಿದೆ. ನುಂಗಿದ ಮಾತಿಗೆ ಹೊಟ್ಟೆ ನಿಜಕ್ಕೂ ಉಬ್ಬರಿಸಿತು.

ಸೋಮವಾರ ಬೆಳಿಗ್ಗೆ ಗಾಳಿ ನಿಜವಾಗಿಯೂ ತಿರುಗಿತು. ನೆಲದ ಕಡೆಯ ಒಣಗಾಳಿ. ನನ್ನ ಬಯಲುಸೀಮೆಯ ಊರಿನಲ್ಲಿ ಮರ ನೀರು ಕುಡಿದು ಉಬ್ಬಿದ್ದನ್ನು ನಾನು ಕಂಡವನಲ್ಲ. ಉಬ್ಬಿದ ಅಳತೆಗೇ ಹೆರೆದಿದ್ದೆ. ಈಗ ಮರದ ಉಬ್ಬು ಇಳಿದು, ಚಿಲಕ ತನ್ನ ಕೊಂಡಿಗೆ ಎಟುಕದೆ, ಕಿಟಕಿ ಧಡಾರ್ ಧಡಾರ್ ಎಂದು ಬಡಿದುಕೊಳ್ಳತೊಡಗಿತು. ಸಂದು ಎಷ್ಟಿತ್ತೆಂದರೆ ಆನೆ ಮರಿಯೊಂದಿಗೆ ದಾಟಬಹುದಿತ್ತು.

ಸದ್ದು ಕೇಳಿ ಯಜಮಾನಿ ಮೇಲೆ ಬಂದಳು. ಅಂಚನ್ನು ಸವರಿ ನೋಡಿದಳು. “ಇದು ಗಾಳಿ ಕೆಲಸ ಅಲ್ಲ. ಯಾವನೋ ಅಡ್ಡಕಸುಬಿ ಕೈ ಹಾಕಿದ್ದಾನೆ.”

ಹೆಂಡತಿ ನನ್ನತ್ತ ನೋಡಿದಳು. ‘ಹೌದಮ್ಮಾ, ಯಾವನೋ’ ಎಂದಿದ್ದರೆ ಭಾನುವಾರಗಳು ಉಳಿಯುತ್ತಿದ್ದವು. ನಾಲಿಗೆಯ ತುದಿಯವರೆಗೆ ಬಂದಿತ್ತು.

“ಅಡ್ಡಕಸುಬಿ ಅಂತೆ!” ಎಂದು ಎದ್ದು ನಿಂತೆ. “ಕೈಯಿಟ್ಟು ನೋಡಿ ಅಮ್ಮಾ, ಹೆರೆದಿರೋದು ಗಾಜಿನ ಹಾಗಿದೆ! ಅಳತೆ ಒಂಚೂರು ಆಚೀಚೆ ಆಗಿರಬಹುದು. ಹೀಗೆ ಹೆರೆಯೋ ಕೈ ಈ ಭೂಮಿ ಮೇಲೆ ಒಂದೇ ಇರೋದು!”



ಹೆಂಡತಿ ಸೆರಗಿನ ತುದಿಯ ಗಂಟು ಬಿಚ್ಚಿ, ಮರದ ಸಿಪ್ಪೆಯ ಸುರುಳಿಯೊಂದನ್ನು ನನ್ನ ಅಂಗೈಯಲ್ಲಿಟ್ಟಳು. “ನಿನ್ನೆ ನಿಮ್ಮ ತಲೆಗೂದಲಲ್ಲಿ ಸಿಕ್ತು.”

“ಮತ್ತೆ ನಿನ್ನೇನೇ ಯಾಕೆ ಹೇಳ್ಲಿಲ್ವೇ?”

“ನಿನ್ನೆಯಿಂದ ಒಂದ್ಸಲಾನೂ ಜಂಬ ಕೊಚ್ಚಿರಲಿಲ್ಲ ನೀವು. ಮದುವೆಯಾದ್ಮೇಲೆ ನನಗೆ ಸಿಕ್ಕಿದ ಮೊದಲ್ನೇ ರಜೆ ಅದು. ಕೆಡಿಸ್ಕೊಳ್ಳೋಕೆ ನನಗೇನು ಹುಚ್ಚಾ?”

ಯಜಮಾನಿ ಬಾಯಿಗೆ ಸೆರಗು ಒತ್ತಿಕೊಂಡು ಕೆಳಗೆ ಹೋದಳು. ನಾನು ದೋಣಿಯವನ ಹತ್ತಿರ ಮತ್ತೆ ಹೋಗಿ ಸಲಕರಣೆ, ಒಂದು ಮರದ ಪಟ್ಟಿ ತಂದು, ಈ ಸಲ ರಾಜಾರೋಷವಾಗಿ ಕೂತು ಅಂಚಿಗೆ ಕೂಡಿಸಿದೆ. ಪಟ್ಟಿಯ ಇನ್ನೊಂದು ತುದಿ ಹಿಡಿದವಳು ಹೆಂಡತಿಯೇ. ಕಣ್ಣು ಮಾತ್ರ ಕಡಲಿನ ಮೇಲಿತ್ತು.

ಈಗ ಭಾನುವಾರ ನನ್ನ ಅಂಗಡಿಗೆ ಬೀಗ. ಕೀಲಿ ಅವಳ ಸೊಂಟದಲ್ಲಿದೆ. ಒಂದೆರಡು ಸಲ ಯಾರೂ ಇಲ್ಲದಾಗ ಬಾಗಿಲಿಗೆ ಭುಜ ಕೊಟ್ಟು ನೋಡಿದೆ. ಮಾಡಿದವನು ಯಾರು! ಕೂದಲೆಳೆಯಷ್ಟೂ ಅಲುಗಲಿಲ್ಲ.