ಬರೆದ ಹುಬ್ಬು

"ಎಡಗಡೇದು ಮೇಲೆ ಹೋಯ್ತು ಕಣಮ್ಮಾ," ಎಂದಳು ದಾವ್, ಕನ್ನಡಿಯಲ್ಲೇ ತಾಯಿ ಬುಪ್ಪಾಳ ಕಣ್ಣು ಹುಡುಕುತ್ತ. "ನೋಡು, ಯಾರನ್ನೋ ಏನೋ ಪ್ರಶ್ನೆ ಕೇಳ್ತಿರೋ ಹಾಗೆ ಕಾಣ್ತೀನಿ."

"ಕೇಳು ಮತ್ತೆ. ಇವತ್ತು ಕೇಳೋಕೇ ತಾನೆ ಹೋಗ್ತಿರೋದು," ಎಂದು ಬುಪ್ಪಾ ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಹುಬ್ಬಿನ ತುದಿ ಒರೆಸಿದಳು. ಒರೆಸಿದ್ದು ಹೆಚ್ಚಾಗಿ ಹುಬ್ಬು ಅರ್ಧಕ್ಕೇ ನಿಂತಿತು. ದಾವ್ ಕಿಸಕ್ಕನೆ ನಕ್ಕಳು, ಬುಪ್ಪಾಗೂ ನಗು ತಡೆಯಲಾಗಲಿಲ್ಲ. ಅಜ್ಜಿ ಸತ್ತ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ನಕ್ಕು ಮುಗಿದ ಮೇಲೆ ಇಬ್ಬರೂ ಗೋಡೆಯ ಮೇಲಿನ ಅಜ್ಜಿಯ ಫೋಟೋ ಕಡೆ ನೋಡಿ ತಪ್ಪು ಮಾಡಿದವರಂತೆ ಕೈ ಮುಗಿದರು.

ತಲೆ ಬೋಳಾಗಿ ನಾಲ್ಕು ದಿನವಾಗಿತ್ತು. ಅಂಗೈ ಆಡಿಸಿದರೆ ಮರಳುಕಾಗದದಂತೆ ಚುಚ್ಚುವಷ್ಟು ಕೂದಲು ಬಂದಿತ್ತು. ಹುಬ್ಬು ಮಾತ್ರ ಬರುವ ಲಕ್ಷಣವೇ ಇರಲಿಲ್ಲ. ಆ ಬೌದ್ಧ ಸೀಮೆಯಲ್ಲಿ ಭಿಕ್ಷುವಾಗಿ, ಒಂದು ದಿನದ ಮಟ್ಟಿಗಾದರೂ, ಕಾವಿ ಉಡುವವರು ತಲೆಯ ಜೊತೆ ಹುಬ್ಬನ್ನೂ ಬೋಳಿಸಿಕೊಳ್ಳಬೇಕು. ಹುಬ್ಬಿಲ್ಲದ ಮುಖ ಗಂಡೂ ಅಲ್ಲ ಹೆಣ್ಣೂ ಅಲ್ಲ, ಈಗ ತಾನೇ ಹುಟ್ಟಿದ ಕೂಸಿನದು ಎನ್ನಬೇಕು, ಹಾಗಿರುತ್ತದೆ. ಅದಕ್ಕೇ ಬುಪ್ಪಾ ಹಿಂದಿನ ದಿನ ಸಂತೆಯಿಂದ ಹುಬ್ಬಿನ ಕಪ್ಪು ಪೆನ್ಸಿಲ್ ತಂದಿದ್ದಳು. ಇವತ್ತು ತಾಲೂಕು ಕಚೇರಿಯಲ್ಲಿ ಎರಡು ಕೆಲಸ. ಬೆಳಿಗ್ಗೆ ಮಹಡಿಯ ಮೇಲಿನ ಸಭೆ, ಮಧ್ಯಾಹ್ನ ಕೆಳಗಿನ ಕಿಟಕಿಯಲ್ಲಿ ಗುರುತಿನ ಚೀಟಿ.

ಚೀಟಿಯ ಕೆಲಸ ಎರಡು ತಿಂಗಳಿಂದ ತಳ್ಳಿಕೊಂಡು ಬಂದದ್ದು. ಏಳನೇ ವಯಸ್ಸಿಗೆ ಮಾಡಿಸಿದ ಚೀಟಿ ಹದಿನೈದಕ್ಕೆ ಮುಗಿಯುತ್ತದೆ, ಅರವತ್ತು ದಿನದೊಳಗೆ ಹೊಸದು ಆಗಬೇಕು. ಹಳೆಯದರಲ್ಲಿ ಥವಾಟ್ ಎಂಬ ಹುಟ್ಟುಹೆಸರಿನ ಮುಂದೆ 'ಬಾಲಕ' ಎಂದಿತ್ತು. ಹೊಸದರಲ್ಲಿ 'ಶ್ರೀಯುತ' ಎಂದು ಬರುತ್ತದೆ. 'ಬಾಲಕ'ವನ್ನು ದಾವ್ ಹೇಗೋ ಸಹಿಸಿದ್ದಳು, ಎಂದೋ ಕಳಚಿಬೀಳುವ ಹಾಲುಹಲ್ಲು ಎಂಬ ಹಾಗೆ. 'ಶ್ರೀಯುತ' ಎಂಬುದು ಸಾಯುವವರೆಗೂ ಇರುವಂಥದ್ದು. "ಇನ್ನೂ ಎರಡು ವಾರ ಇದೆ" ಎನ್ನುತ್ತಿದ್ದವಳು "ಇನ್ನೂ ಒಂದು ವಾರ ಇದೆ" ಎಂದಳು. ಇವತ್ತು ಶುಕ್ರವಾರ, ಐವತ್ತೆಂಟನೇ ದಿನ. ನಾಳೆ ನಾಡಿದ್ದು ಕಚೇರಿಗೆ ರಜೆ.

ಮಹಡಿಯ ಸಭೆ ಇದೇ ವಿಷಯದ್ದು. ಹುಟ್ಟಿದಾಗ ಗಂಡೋ ಹೆಣ್ಣೋ ಎಂದು ಬರೆಸಿದ್ದನ್ನು ಬದಲಿಸಿಕೊಳ್ಳಲು ಬಿಡುವ ಒಂದು ಕಾನೂನಿನ ಕರಡಿನ ಮೇಲೆ ಊರಿನವರ ಅಭಿಪ್ರಾಯ ಕೇಳಲು ರಾಜಧಾನಿಯಿಂದ ಜನ ಬಂದಿದ್ದರು. ಹದಿನೆಂಟು ತುಂಬಿದವರ ಬಗ್ಗೆ ಜಗಳ ಕಡಿಮೆ. ಹದಿನೈದಕ್ಕೂ ಹದಿನೆಂಟಕ್ಕೂ ನಡುವಿನ ಮಕ್ಕಳಿಗೆ ತಂದೆತಾಯಿ ಒಪ್ಪಿದರೆ ಕೊಡಬೇಕೇ ಬೇಡವೇ ಎಂಬಲ್ಲಿ ಗಂಟು ಬಿದ್ದಿತ್ತು. ದಾವ್‌ಗೆ ತಂದೆ ಲೆಕ್ಕಕ್ಕಿಲ್ಲ. ಕಡಲತೀರಕ್ಕೆ ದೋಣಿ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಇದ್ದದ್ದು ತಾಯಿ, ಮತ್ತು ಚಾಪೆ ನೇಯುವ ಅಜ್ಜಿ.

ಅಜ್ಜಿಯೇ ಮೊದಲು ಒಪ್ಪಿದ್ದು. ಹನ್ನೊಂದನೇ ವಯಸ್ಸಿನಲ್ಲಿ ಮಗು ಕೂದಲು ಬಿಡುತ್ತೇನೆಂದು ಹಟ ಹಿಡಿದಾಗ ಬುಪ್ಪಾ ಕತ್ತರಿ ಹಿಡಿದು ಅಟ್ಟಿಸಿಕೊಂಡು ಹೋಗಿದ್ದಳು. ಅಜ್ಜಿ ಅಡ್ಡ ನಿಂತು, "ತಲೆ ಅದರದ್ದು, ನಿನ್ನದೇನು ಹೋಗುತ್ತೆ?" ಎಂದಿದ್ದಳು. ಅಂದಿನಿಂದ ಪ್ರತಿ ಸಂಜೆ ನಿಂಬೆಕಾಯಿ ಸುಟ್ಟು, ಅದರ ರಸ ಹಚ್ಚಿ, ತೊಳೆದು ಬಾಚುವುದು ಅಜ್ಜಿಯ ಕೆಲಸವಾಯಿತು. ಆಮೇಲೆ ಬುಪ್ಪಾ ಕೂಡ ಬದಲಾದಳು. ಮೂರು ಸಲ ಹೆಡ್‌ಮೇಷ್ಟರ ಕೋಣೆಗೆ ಹೋಗಿ, ಜಪ್ಪಯ್ಯ ಅಂದರೂ ಜಗ್ಗದೆ ಕೂತು, ಆ ಕೂದಲನ್ನು ಉಳಿಸಿಕೊಟ್ಟವಳು ಅವಳೇ. ಅಂಥ ಕೂದಲಿಗೆ ಕಳೆದ ಸೋಮವಾರ ಮೊದಲ ಕತ್ತರಿ ಹಾಕಿದ್ದೂ ಅವಳೇ.

ಮಾತು ಎತ್ತಿದ್ದು ಬುಪ್ಪಾಳ ಅಣ್ಣ ಪ್ರಯೂನ್. ಹಿಂದೆ ಊರಿನ ಮುಖ್ಯಸ್ಥನಾಗಿದ್ದವನು. ಕೆಟ್ಟವನಲ್ಲ. ದಾವ್‌ಗೆ ಮೊದಲ ಸೈಕಲ್ಲು ಕೊಡಿಸಿದ್ದು ಅವನೇ. ಅಜ್ಜಿಯ ಶವಪೆಟ್ಟಿಗೆಯ ಪಕ್ಕ ಕೂತು ಮೂಗು ಸೀಟುತ್ತ ಹೇಳಿದ: "ಬೆಂಕಿ ಇಡೋ ದಿನ ಅವ್ವನಿಗೋಸ್ಕರ ಯಾರಾದ್ರೂ ಕಾವಿ ಉಡಬೇಕಲ್ಲ ತಂಗಿ. ನನಗಿರೋದು ಎರಡೂ ಹೆಣ್ಣು. ಮೊಮ್ಮಗ ಅಂತ ಇರೋದು ನಿಂದೊಂದೇ. ಕಾವಿ ಅಂಚು ಹಿಡ್ಕೊಂಡು ಮೇಲೆ ಹೋಗ್ಬೇಕು ಅಂತ ಅವ್ವ ಎಷ್ಟು ಸಲ ಅಂದಿಲ್ಲ?"

"ಅದು ಹುಡುಗನ ಥರ ಇಲ್ವಲ್ಲ ಅಣ್ಣಾ."

"ಚೀಟೀಲಿ ಏನಿದೆ? ಬಾಲಕ ಅಂತಿದೆ. ವಿಹಾರದ ಗುರುಗಳಿಗೆ ಅಷ್ಟು ಸಾಕು. ಒಂದೇ ಒಂದು ದಿನ. ಕೂದಲು ತಾನೆ? ಹುಲ್ಲಿನ ಹಾಗೆ ಬೆಳೆಯುತ್ತೆ."

ಅಜ್ಜಿ ಹಾಗೆ ಅಂದಿದ್ದಳು, ಸುಳ್ಳಲ್ಲ. ಆ ಊರಿನ ಮುದುಕಿಯರೆಲ್ಲ ಅನ್ನುವ ಮಾತು ಅದು: ಮನೆಯ ಗಂಡುಮಗು ಕಾವಿ ಉಟ್ಟರೆ ಸತ್ತವರು ಅದರ ಅಂಚು ಹಿಡಿದು ಸ್ವರ್ಗ ಸೇರುತ್ತಾರೆ ಎಂದು. ಬುಪ್ಪಾ ಹಿತ್ತಿಲಿಗೆ ಹೋದಳು. ದಾವ್ ಸಾವಿನ ಮನೆಯ ತಟ್ಟೆಗಳ ರಾಶಿ ತೊಳೆಯುತ್ತಿದ್ದಳು. ವಿಷಯ ಕೇಳಿ ಇನ್ನೂ ಹತ್ತಿಪ್ಪತ್ತು ತಟ್ಟೆ ತೊಳೆದಳು. ಆಮೇಲೆ ಕೈ ಕೊಡವಿ ಎದ್ದು ನಿಂತಳು.

"ಅಜ್ಜಿಗೋಸ್ಕರ ಆಗ್ಲಿ. ಆದ್ರೆ ಶುಕ್ರವಾರ ನೀನು ಮೈಕು ಹಿಡಿದು ಹೇಳ್ಬೇಕು, ಇವಳು ನನ್ನ ಮಗಳು ಅಂತ. ನನ್ನ ಬೋಳುತಲೆ ನೋಡಿದ ಜನದ ಮುಂದೇನೇ ಹೇಳ್ಬೇಕು."

"ಹೇಳ್ತೀನಿ."

"ಅಜ್ಜಿ ಮೇಲೆ ಆಣೆ?"

"ಆಣೆ ಕಣೇ."

ವಿಹಾರದ ಅಂಗಳದಲ್ಲಿ ದಾವ್ ಕಮಲದ ಎಲೆಯನ್ನು ಬೊಗಸೆಯಲ್ಲಿ ಹಿಡಿದು ಕೂತಿದ್ದಳು. ಮೊದಲ ಎಳೆ ತಾಯಿ ಕತ್ತರಿಸಬೇಕು. ಕೂದಲು ಸುಟ್ಟ ನಿಂಬೆಯ ವಾಸನೆ ಸೂಸುತ್ತಿತ್ತು. ಅಜ್ಜಿ ಹಾಸಿಗೆ ಹಿಡಿಯುವ ಹಿಂದಿನ ದಿನ ತೊಳೆದದ್ದು ಇನ್ನೂ ಹೋಗಿರಲಿಲ್ಲ. ಆದರೂ ಬುಪ್ಪಾಳ ಕತ್ತರಿ ಆಡಿತು. ಎಲ್ಲರೂ ಒಂದೊಂದು ಎಳೆ ತೆಗೆದ ಮೇಲೆ ಗುರುಗಳು ಕ್ಷೌರದ ಕತ್ತಿ ಹಿಡಿದರು. ಬುಪ್ಪಾ ಕೂದಲು ತುಂಬಿದ ಎಲೆಯನ್ನು ಜೋಪಾನವಾಗಿ ಮಡಿಸಿ ಹೊಳೆಗೆ ಬಿಟ್ಟಳು.

ಮಧ್ಯಾಹ್ನ ಕಾವಿಯುಟ್ಟು, ಪೆಟ್ಟಿಗೆಗೆ ಕಟ್ಟಿದ ಬಿಳಿ ದಾರ ಹಿಡಿದು, ಬಿಸಿಲಲ್ಲಿ ಬರಿಗಾಲಲ್ಲಿ ದಾವ್ ಮುಂದೆ ನಡೆದಳು. ದಾರಿಯುದ್ದಕ್ಕೂ ಹೆಂಗಸರು ಕೈ ಮುಗಿದರು. "ಎಂಥ ಮಗನ್ನ ಹೆತ್ತೆ ಬುಪ್ಪಾ!" ಎಂದು ಒಬ್ಬಳು ಭುಜ ಹಿಸುಕಿದಳು. "ನಿನ್ನ ತಾಯಿ ಪುಣ್ಯವಂತೆ" ಎಂದಳು ಇನ್ನೊಬ್ಬಳು. ನಾಲ್ಕು ವರ್ಷದಿಂದ ಹಿಂದಿನಿಂದ ಪಿಸುಗುಟ್ಟುತ್ತಿದ್ದ ಬಾಯಿಗಳೇ ಅವು. ಬುಪ್ಪಾಗೆ ಖುಷಿಯಾಯಿತು. ತಾಯಿ ಸತ್ತ ದುಃಖದ ನಡುವೆಯೇ, ಮಗಳ ಬೋಳುತಲೆಯನ್ನು ನೋಡುತ್ತಲೇ, ಎದೆ ಉಬ್ಬುವಷ್ಟು ಖುಷಿಯಾಯಿತು. ಆ ಖುಷಿಯ ನೆನಪು ಬಂದಾಗಲೆಲ್ಲ ಈಗ ಅವಳಿಗೆ ನಾಚಿಕೆಯಾಗುತ್ತಿತ್ತು.

ಮಹಡಿಯ ಸಭಾಂಗಣದಲ್ಲಿ ಎಂಬತ್ತು ಜನವಾದರೂ ಇದ್ದರು. ಬಾಗಿಲಲ್ಲೇ ಪ್ರತಿಯೊಬ್ಬರಿಗೂ ಎರಡು ಅಂಟುವ ಚುಕ್ಕಿ ಕೊಡುತ್ತಿದ್ದರು. ಒಪ್ಪಿಗೆಗೆ ಹಸಿರು, ಬೇಡ ಎನ್ನುವವರಿಗೆ ಕೆಂಪು. ಹೋಗುವಾಗ ಹಲಗೆಗೆ ಒಂದನ್ನು ಅಂಟಿಸಿ ಹೋಗಬೇಕು. ದಾವ್ ಕೈ ಚಾಚಿದಾಗ ಹಂಚುತ್ತಿದ್ದವನು, "ಹದಿನೆಂಟು ತುಂಬದವರಿಗೆ ಇಲ್ಲ ಮರಿ," ಎಂದು ನಕ್ಕ. ದಾವ್ ಅಜ್ಜಿ ನೇಯ್ದ ನೀಲಿ ಸುತ್ತುಲಂಗ ಉಟ್ಟಿದ್ದಳು, ಬರೆದ ಹುಬ್ಬನ್ನು ಎತ್ತಿ ತಾಯಿಯ ಕಡೆ ನೋಡಿದಳು.

ಮಾತು ಶುರುವಾಯಿತು. ಮೀನಂಗಡಿಯ ಹೆಂಗಸು ಎದ್ದು, "ನನ್ನ ಮಗ ಹತ್ತಕ್ಕೆ ಲಾರಿ ಡ್ರೈವರ್ ಆಗ್ತೀನಿ ಅಂದ, ಹದಿನೈದಕ್ಕೆ ಹಾಡುಗಾರ ಆಗ್ತೀನಿ ಅಂದ. ಈಗ ನನ್ನ ಪಕ್ಕ ಕೂತು ಮೀನು ಕೊಯ್ತಾನೆ. ಆ ವಯಸ್ಸಿನ ಮಾತನ್ನೆಲ್ಲ ಸರ್ಕಾರ ಬರ್ಕೊಂಡ್ರೆ ಹೆಂಗೆ?" ಎಂದಳು. ಜನ ನಕ್ಕರು. ಶಾಲೆಯ ವಿಜ್ಞಾನದ ಮೇಡಂ ನಗಲಿಲ್ಲ. "ನಾನು ದಿನಾ ಹಾಜರಿ ಕೂಗ್ತೀನಿ. ಆ ಒಂದು ಪದ ಕೂಗಿದಾಗ ಒಂದು ಮಗು ತಲೆ ತಗ್ಗಿಸೋದನ್ನ ದಿನಾ ನೋಡ್ತೀನಿ. ಮೂರು ವರ್ಷ ಕಾಯಿರಿ ಅನ್ನೋದು ನಮಗೆ ಸುಲಭ," ಎಂದರು.

ಆಮೇಲೆ ಪ್ರಯೂನ್ ಎದ್ದ. ಕೈಮುಗಿದು, ಮೃದುವಾಗಿಯೇ ಮಾತಾಡಿದ.

"ನಮ್ಮ ಮನೇದೇ ಹೇಳ್ತೀನಿ. ನನ್ನ ತಂಗಿ ಮಗು. ಎಲ್ಲರೂ ಏನೇನೋ ಅಂತಿದ್ರು. ಮೊನ್ನೆ ಸೋಮವಾರ ಅಜ್ಜಿಗೋಸ್ಕರ ತಾನೇ ಒಪ್ಪಿ ತಲೆ ಕೊಟ್ಟ. ನೀವೇ ನೋಡಿದ್ರಿ. ಒಳಗೆ ಗಂಡುಮಗ ಇಲ್ದೇ ಇದ್ರೆ ಅಷ್ಟು ಧೈರ್ಯ ಬರುತ್ತಾ? ಅದು ಹೆಣ್ಣು ಅಂತ ಇವತ್ತು ಚೀಟೀಲಿ ಬರೆದ್ರೆ ಸೋಮವಾರದ್ದು ಏನು? ಹೆಣ್ಣು ಕಾವಿ ಉಟ್ರೆ ನಡೆಯುತ್ತಾ? ನಾಟಕ ಆಗಲ್ವಾ? ಅವ್ವ ಹಿಡಿದಿರೋ ಅಂಚು ಉಳಿಯುತ್ತಾ?" ಅವನು ಮತ್ತೆ ಕೈ ಮುಗಿದ. "ಮಕ್ಕಳಿಗೆ ಟೈಮು ಕೊಡಿ. ಅಷ್ಟೇ ನಾನು ಹೇಳೋದು."

ಬುಪ್ಪಾಗೆ ಇದು ಹೊಳೆದೇ ಇರಲಿಲ್ಲ. ಕಣ್ಣು ಮುಚ್ಚಿದರೆ ತಾಯಿ ಕಂಡಳು. ಹಗುರಾದ ಆ ಮುದುಕಿ ಎತ್ತರದಲ್ಲೆಲ್ಲೋ ಕಾವಿ ಬಟ್ಟೆಯ ಅಂಚಿಗೆ ಜೋತುಬಿದ್ದಿದ್ದಾಳೆ, ಚಾಪೆ ನೇಯ್ದು ಸೊಟ್ಟಗಾದ ಬೆರಳುಗಳು. ಕೆಳಗೆ ಸಭೆಯಲ್ಲಿ ತಾನು ಒಂದು ಮಾತು ಆಡಿದರೆ ಆ ಬೆರಳು ಜಾರುತ್ತವೆ.

"ಆ ಮಗುವಿನ ತಾಯಿ ಬಂದಿದ್ದಾರಾ?" ರಾಜಧಾನಿಯಿಂದ ಬಂದಿದ್ದ ಹುಡುಗಿ ಕೇಳಿದಳು. ಮೈಕು ಕೈಯಿಂದ ಕೈಗೆ ದಾಟಿ ಬಂತು. ದಾವ್ ತಾನೇ ಅದನ್ನು ಇಸಿದುಕೊಂಡು ತಾಯಿಯ ಕೈಗಿಟ್ಟಳು, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಸಿದಳು.

ಬುಪ್ಪಾ ಎದ್ದಳು. ಇಡೀ ಸಭೆ ಅವಳನ್ನು ಅಕ್ಕರೆಯಿಂದ ನೋಡುತ್ತಿತ್ತು. ಅವರು ಬೈಯುವ ಹಾಗಿದ್ದರೆ ಹೇಳಿಬಿಡುತ್ತಿದ್ದಳೇನೋ.

"ನನ್ನ ತಾಯೀನ... ಸೋಮವಾರ ತಾನೆ ಸುಟ್ಟಿದ್ದು," ಎಂದಳು. "ನನಗೆ ಮಾತು ಬರ್ತಿಲ್ಲ. ಕ್ಷಮಿಸಿ."

ಕೂತುಬಿಟ್ಟಳು. "ಪಾಪ," ಎಂದರು ಸುತ್ತಲಿನವರು. ಮೀನಂಗಡಿಯವಳು ಹಿಂದಿನಿಂದ ಬೆನ್ನು ಸವರಿದಳು. ಮೈಕು ಮುಂದಿನ ಸಾಲಿಗೆ ಹೋಯಿತು. ಎಲ್ಲರೂ ಅವಳನ್ನು ಅರ್ಥಮಾಡಿಕೊಂಡರು, ಪಕ್ಕದಲ್ಲಿ ಕೂತವಳೊಬ್ಬಳನ್ನು ಬಿಟ್ಟು. ಅಥವಾ ಅವಳೂ ಅರ್ಥಮಾಡಿಕೊಂಡಿದ್ದಳು, ಅದೇ ಹೆಚ್ಚು ಕಷ್ಟವಾಗಿತ್ತು. ದಾವ್ ತಲೆ ಬಗ್ಗಿಸಿರಲಿಲ್ಲ. ನೆಟ್ಟಗೆ ಕೂತು ವೇದಿಕೆಯ ಹೂದಾನಿ ನೋಡುತ್ತಿದ್ದಳು.

ಹೊರಗೆ ಬರುವಾಗ ಬುಪ್ಪಾ ಹಲಗೆಯ ಮೂಲೆಯಲ್ಲಿ, ಬೇರೆ ಚುಕ್ಕಿಗಳ ನಡುವೆ, ತನ್ನ ಹಸಿರು ಚುಕ್ಕಿಯನ್ನು ಒತ್ತಿದಳು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ.

ಕೆಳಗಿನ ಬೆಂಚಿನಲ್ಲಿ ಸರದಿಗೆ ಕಾಯುವಾಗ, "ಹಸಿರು ಅಂಟಿಸಿದೆ," ಎಂದಳು.

"ನೋಡ್ದೆ."

ಫ್ಯಾನು ಗೊರಗುಟ್ಟುತ್ತಿತ್ತು. ಬೆವರಿಗೆ ದಾವ್‌ಳ ಬಲಹುಬ್ಬು ಸ್ವಲ್ಪ ಇಳಿದಿತ್ತು. ಅವಳು ಕೇಳಿದಳು, "ಅಜ್ಜಿ ಕೈ ಜಾರುತ್ತೆ ಅಂತ ಹೆದರ್ಕೊಂಡ್ಯಾ?"

ಬುಪ್ಪಾ ಹೂಂ ಎಂದು ತಲೆಯಾಡಿಸಿದಳು.

"ಯಾರ ಅಂಚು ಹಿಡ್ಕೊಂಡಿದ್ದೀನಿ ಅಂತ ಅಜ್ಜಿಗೆ ಗೊತ್ತಿಲ್ಲ ಅನ್ಕೊಂಡ್ಯಾ ಅಮ್ಮಾ?" ದಾವ್‌ಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಾಲ್ಕು ವರ್ಷ ನನ್ನ ತಲೆ ಬಾಚಿದ್ದು ಅವಳೇ."

ಅಷ್ಟರಲ್ಲಿ ಕಿಟಕಿಯಿಂದ ಕೂಗಿದರು: "ಬಾಲಕ ಥವಾಟ್!" ಬೆಂಚಿನಲ್ಲಿದ್ದ ಹತ್ತು ಜನ ತಿರುಗಿ ನೋಡಿದರು. ದಾವ್ ಎದ್ದಳು.

ಗುಮಾಸ್ತ ಹಳೆಯ ಚೀಟಿ ತೆಗೆದುಕೊಂಡು ಮೂಲೆಯ ಸ್ಟೂಲು ತೋರಿಸಿದ. ಹೊಸ ಚೀಟಿ ಎಂಟು ವರ್ಷ ನಡೆಯುತ್ತದೆ, ಫೋಟೋ ಸರಿಯಾಗಿ ಬರಲಿ ಎಂದ. ಸ್ಟೂಲಿನ ಮೇಲೆ ಕೂತ ದಾವ್ ತಾಯಿಯ ಕಡೆ ಕೈ ಚಾಚಿ ಕರ್ಚೀಫು ಕೇಳಿದಳು. ಬೆವರು ಒರೆಸಿಕೊಳ್ಳಲಿಕ್ಕೆಂದು ಬುಪ್ಪಾ ಕೊಟ್ಟಳು. ದಾವ್ ಎಡಹುಬ್ಬನ್ನು ಒರೆಸಿದಳು, ಬಲಹುಬ್ಬನ್ನು ಒರೆಸಿದಳು, ಏನೂ ಉಳಿಯದ ಹಾಗೆ ಉಜ್ಜಿದಳು.

"ಯಾಕೇ? ಚೆನ್ನಾಗಿತ್ತಲ್ಲ..."

"ಆ ಚೀಟಿಗೆ ಇದ್ಯಾಕಮ್ಮಾ," ಎಂದು ಕರ್ಚೀಫು ವಾಪಸು ಕೊಟ್ಟಳು.

ಗುಮಾಸ್ತ ಪರದೆ ನೋಡುತ್ತಲೇ ಕೇಳಿದ, "ನಿಮ್ಮ ಮಗನಾಮ್ಮಾ?"

"ಮಗಳು," ಎಂದಳು ಬುಪ್ಪಾ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದಳು: "ಇವಳು ನನ್ನ ಮಗಳು."

ಗುಮಾಸ್ತ ತಲೆಯೆತ್ತಿ ನೋಡಿದ. ಒಳ್ಳೆಯ ಮನುಷ್ಯನೇ ಇರಬೇಕು, ನಗಲಿಲ್ಲ. "ಅದು ಇದರಲ್ಲಿ ಬರಲ್ಲಮ್ಮಾ," ಎಂದು ಪರದೆಯ ಕಡೆ ಕೈ ಮಾಡಿದ. ದಾವ್ ಕೇಳಿಸಿಕೊಂಡಳೋ ಇಲ್ಲವೋ, ಕ್ಯಾಮೆರಾವನ್ನೇ ನೆಟ್ಟಗೆ ನೋಡುತ್ತ ಕೂತಿದ್ದಳು.

ಚೀಟಿ ಹೊರಬಂತು. ಯಂತ್ರದ ಬಿಸಿ ಇನ್ನೂ ಅದರಲ್ಲಿತ್ತು. ದಾವ್ ಅದನ್ನು ಓದದೆ ಚೀಲಕ್ಕೆ ಹಾಕಿಕೊಂಡು ಬಿಸಿಲಿಗಿಳಿದು ಬಸ್ಸಿನ ಕಡೆ ನಡೆದಳು. ಬುಪ್ಪಾ ಮೆಟ್ಟಿಲ ಮೇಲೆ ನಿಂತು ಕರ್ಚೀಫು ಬಿಚ್ಚಿದಳು. ಬಿಳಿ ಬಟ್ಟೆಯ ಮೇಲೆ ಎರಡು ಕಪ್ಪು ಗೆರೆ, ಒಂದು ಇನ್ನೊಂದಕ್ಕಿಂತ ಸ್ವಲ್ಪ ಮೇಲೆ. ಒಂದಕ್ಕೊಂದು ತಾಗಿ ಅಳಿಸದಂತೆ ಅವಳು ಬಟ್ಟೆಯನ್ನು ನಾಲ್ಕೂ ಕಡೆಯಿಂದ ಒಳಗೆ ಮಡಿಸಿದಳು, ಆವತ್ತು ಕಮಲದ ಎಲೆ ಮಡಿಸಿದ ಹಾಗೆ, ಮಡಿಸಿ ಬೊಗಸೆಯಲ್ಲಿ ಹಿಡಿದುಕೊಂಡೇ ಮಗಳ ಹಿಂದೆ ಹೊರಟಳು.